ದಿನದ ಪ್ಯಾಕಿನಲ್ಲಿ ಸಿನಿಮಾ: ನೇರವಾಗಿ ನೋಡುವುದೋ, ಇಳಿಸಿಕೊಂಡು ನೋಡುವುದೋ?

ಮೊಬೈಲಿನಲ್ಲಿ ಸಿನಿಮಾ ನೋಡುವುದಕ್ಕೆ ಯಾವ ಸಿಮ್ ಚಲೋ, ಯಾವ ಆ್ಯಪ್ ಚಲೋ ಎಂದು ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಯಾವ ರಿಚಾರ್ಜ್ ಅಂಗಡಿಯಲ್ಲಿ ವಿಚಾರಿಸಿದರೂ ಉತ್ತರ ಸಿಗುತ್ತದೆ. ಆದರೆ ಅದೇ ಸಿಮ್, ಅದೇ ಆ್ಯಪ್ ಜಗತ್ ವೃತ್ತದ ಮಹಡಿ ಮನೆಯಲ್ಲಿ ಒಂದು ರೀತಿ, ಸೇಡಂ ಕಡೆಯ ಹಳ್ಳಿಯ ಕಲ್ಲುಗೋಡೆಯ ಮನೆಯಲ್ಲಿ ಇನ್ನೊಂದು ರೀತಿ, ಬೀದರಿಗೆ ಹೊರಟ ರೈಲಿನಲ್ಲಿ ಮತ್ತೊಂದು ರೀತಿ ನಡೆದುಕೊಳ್ಳುತ್ತದೆ. ಆದ್ದರಿಂದ ಎಲ್ಲಿ ಕುಳಿತು ನೋಡುತ್ತೀರಿ, ಯಾವ ಹೊತ್ತಿನಲ್ಲಿ ನೋಡುತ್ತೀರಿ, ರಾತ್ರಿ ಮಲಗುವ ವೇಳೆಗೆ ದಿನದ ಡೇಟಾದಲ್ಲಿ ಎಷ್ಟು ಉಳಿದಿರುತ್ತದೆ ಎಂಬುದನ್ನು ನೋಡಿಕೊಂಡ ಮೇಲೆಯೇ ಆ್ಯಪಿನ ಹೆಸರು ಕೇಳುವುದು ಸರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ದಿನದ ಮಿತಿಯ ಪ್ಯಾಕ್ ಹಾಕಿಸಿಕೊಂಡಿರುವವರಿಗೆ ರಾತ್ರಿ ಉಳಿದ ಡೇಟಾದಲ್ಲಿ ಸಿನಿಮಾ ಇಳಿಸಿಕೊಂಡು ಮರುದಿನ ನೋಡುವುದೇ ಲಾಭದ ದಾರಿ. ನೇರ ಸ್ಟ್ರೀಮಿಂಗನ್ನು ನಂಬಬಹುದಾದವರು ಮನೆಯೊಳಗೇ 5ಜಿ ಸಿಗುವವರು ಮಾತ್ರ.

ಒಂದು ಸಿನಿಮಾಕ್ಕೆ ಎಷ್ಟು ಡೇಟಾ?

ಲೆಕ್ಕ ಸುಲಭವಾಗಿದೆ. ವಿಡಿಯೊ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಹರಿದರೆ ಗಂಟೆಗೆ 450 ಎಂಬಿ ಖರ್ಚಾಗುತ್ತದೆ, 2 ಮೆಗಾಬಿಟ್ ಆದರೆ 900 ಎಂಬಿ, 5 ಮೆಗಾಬಿಟ್ ಆದರೆ ಎರಡೂಕಾಲು ಜಿಬಿ. 480ಪಿ ಗುಣಮಟ್ಟದ (ಈ ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಸ್ಪಷ್ಟ) ಚಿತ್ರ ಸುಮಾರು 1 ಮೆಗಾಬಿಟ್ ಆಸುಪಾಸಿನಲ್ಲಿ ಸಾಗುತ್ತದೆ, 720ಪಿ ಅದರ ಎರಡು ಪಟ್ಟು ಅಥವಾ ಇನ್ನೂ ಸ್ವಲ್ಪ ಹೆಚ್ಚು ಬೇಡುತ್ತದೆ, 1080ಪಿ ನಾಲ್ಕೈದು ಪಟ್ಟು ತಿನ್ನುತ್ತದೆ. ಹೊಡೆದಾಟದ ಸಿನಿಮಾಕ್ಕೂ ಇಬ್ಬರು ಕುಳಿತು ಮಾತಾಡುವ ಸಿನಿಮಾಕ್ಕೂ ಇದರಲ್ಲಿ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಏಕೆಂದರೆ ಚೌಕಟ್ಟಿನಲ್ಲಿ ಬದಲಾವಣೆ ಹೆಚ್ಚಾದಷ್ಟೂ ಕಳಿಸಬೇಕಾದ ಮಾಹಿತಿಯೂ ಹೆಚ್ಚುತ್ತದೆ.

ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಎರಡೂವರೆ ಗಂಟೆಯವು. ಅಂಥದ್ದನ್ನು 480ಪಿಯಲ್ಲಿ ನೋಡಿದರೆ 1.1 ಜಿಬಿ ಹೋಗುತ್ತದೆ. ದಿನಕ್ಕೆ 1.5 ಜಿಬಿ ಇರುವವರಿಗೆ ಇದು ಸಾಕಾಗಬೇಕು ಅನ್ನಿಸುತ್ತದೆ. ಆದರೆ ಬೆಳಗಿನಿಂದ ವಾಟ್ಸ್‌ಆ್ಯಪ್ ಸ್ಟೇಟಸ್, ರೀಲ್ಸ್, ಮಗುವಿನ ಕಾರ್ಟೂನ್ ಎಲ್ಲವೂ ಅದೇ ಡಬ್ಬಿಯಿಂದಲೇ ಖರ್ಚಾಗಿರುತ್ತವೆ. ಮಧ್ಯಂತರ ದಾಟಿ, ಖಳನ ಗುಟ್ಟು ಬಯಲಾಗುವ ಹೊತ್ತಿಗೆ ಸರಿಯಾಗಿ ‘ನಿಮ್ಮ ದಿನದ ಡೇಟಾದಲ್ಲಿ ಶೇ. 100ರಷ್ಟು ಬಳಕೆಯಾಗಿದೆ’ ಎಂಬ ಸಂದೇಶ ಬರುವುದು ಈ ಕಾರಣಕ್ಕೆ. ಅದಾದ ಮೇಲೆ ನೆಟ್ ನಿಲ್ಲುವುದಿಲ್ಲ, ಜಿಯೊ ಮತ್ತು ಏರ್‌ಟೆಲ್ ಪ್ಯಾಕುಗಳಲ್ಲಿ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಅರ್ಧ ನಿಮಿಷದ 480ಪಿ ದೃಶ್ಯ ಬರಲು ಸುಮಾರು ಎಂಟು ನಿಮಿಷ ಬೇಕು. ವಾಟ್ಸ್‌ಆ್ಯಪಿನ ಅಕ್ಷರ ಸಂದೇಶ ಹೋಗುತ್ತದೆ, ಯುಪಿಐ ಪಾವತಿಯೂ ತಾಳ್ಮೆಯಿದ್ದರೆ ನಡೆದೀತು. ಸಿನಿಮಾ ಮಾತ್ರ ಚಕ್ರ ತಿರುಗಿಸುತ್ತ ಕೂಡುತ್ತದೆ.

ಇಲ್ಲಿ ಹೆಚ್ಚಿನವರು ಕಡೆಗಣಿಸುವ ವಿಷಯವೊಂದಿದೆ. ಡೇಟಾ ತಿನ್ನುವುದು ಸಿನಿಮಾ ಅಲ್ಲ, ‘ಆಟೊ’ದಂಥ ಗುಣಮಟ್ಟದ ಆಯ್ಕೆ. ಸ್ಟ್ರೀಮಿಂಗ್ ಆ್ಯಪುಗಳು ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟು, ಆ ಕ್ಷಣದ ನೆಟ್ ವೇಗ ನೋಡಿಕೊಂಡು ಒಂದನ್ನು ಕಳಿಸುತ್ತವೆ. ನೆಟ್ ಜೋರಾಗಿದ್ದರೆ ದೊಡ್ಡ ತುಣುಕು ಬರುತ್ತದೆ. ನಿಮ್ಮ ಪ್ಯಾಕಿನಲ್ಲಿ ಎಷ್ಟು ಉಳಿದಿದೆ ಎಂಬುದು ಆ್ಯಪಿಗೆ ಗೊತ್ತಿರುವುದಿಲ್ಲ. ನೆಟ್‌ಫ್ಲಿಕ್ಸ್ ತಾನೇ ಕೊಟ್ಟಿರುವ ಲೆಕ್ಕದ ಪ್ರಕಾರ ಮೊಬೈಲ್ ಡೇಟಾದಲ್ಲಿ ‘ಡೇಟಾ ಉಳಿಸಿ’ ಎಂಬ ಆಯ್ಕೆ ಇಟ್ಟರೆ 1 ಜಿಬಿಯಲ್ಲಿ ಸುಮಾರು 6 ಗಂಟೆ ನೋಡಬಹುದು, ‘ಸ್ವಯಂಚಾಲಿತ’ ಇಟ್ಟರೆ ಸುಮಾರು 4 ಗಂಟೆ, ‘ಗರಿಷ್ಠ ಡೇಟಾ’ ಇಟ್ಟರೆ 20 ನಿಮಿಷಕ್ಕೇ 1 ಜಿಬಿ ಮುಗಿದು ಹೋಗಬಹುದು. ಅಂದರೆ ಒಂದೇ ಸಿನಿಮಾಕ್ಕೆ ಅರ್ಧ ಜಿಬಿಗಿಂತ ಕಡಿಮೆಯೂ ಸಾಕು, ಏಳು ಜಿಬಿಯೂ ಸಾಲದು. ಯೂಟ್ಯೂಬಿನಲ್ಲಿಯೂ ಸೆಟ್ಟಿಂಗ್ಸ್ ಒಳಗೆ ವಿಡಿಯೊ ಗುಣಮಟ್ಟಕ್ಕೆ ಹೋಗಿ ಮೊಬೈಲ್ ನೆಟ್‌ವರ್ಕ್‌ಗೆ ‘ಡೇಟಾ ಸೇವರ್’ ಎಂದು ಬೇರೆಯಾಗಿ ಹೇಳಿಡಬಹುದು. ಹೊಸ ಪ್ಯಾಕ್ ಹುಡುಕುವ ಮೊದಲು ಈ ಒಂದು ಗುಂಡಿಯನ್ನು ಬದಲಿಸಿ ವಾರ ಕಾಲ ನೋಡುವುದು ಒಳ್ಳೆಯದು. ಎಷ್ಟೋ ಜನರಿಗೆ ಆಯ್ಕೆಯ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಕಡಿಮೆ ಗುಣಮಟ್ಟ ಎಂದೊಡನೆ ಮುಖ ಸಿಂಡರಿಸಬೇಕಾಗಿಲ್ಲ. ಆರೂವರೆ ಇಂಚಿನ ಪರದೆಯ ಮೇಲೆ ಒಂದು ಮೊಳ ದೂರದಿಂದ ನೋಡುವಾಗ 480ಪಿಗೂ 720ಪಿಗೂ ಇರುವ ಅಂತರ ಅಡಿಬರಹ ಓದುವಾಗ ಅಥವಾ ಕತ್ತಲೆಯ ದೃಶ್ಯದಲ್ಲಿ ಅಷ್ಟಿಷ್ಟು ಕಾಣುತ್ತದೆ, 1080ಪಿಗೆ ಹೋದರೆ ಸಿಗುವ ಹೆಚ್ಚಳ ನನಗಂತೂ ಡೇಟಾ ಕೊಟ್ಟು ಕೊಳ್ಳುವಷ್ಟು ದೊಡ್ಡದಲ್ಲ.

4ಜಿಯ ದಿನದ ಮಿತಿಯೋ, ಮಿತಿಯಿಲ್ಲದ 5ಜಿಯೋ

5ಜಿ ಸೇವೆ ದೇಶದಲ್ಲಿ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಮೊದಲಿಗೆ ಬಹುತೇಕ ಎಲ್ಲರಿಗೂ ಮಿತಿಯಿಲ್ಲದೆ ಸಿಗುತ್ತಿದ್ದ ಈ ಡೇಟಾವನ್ನು 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೊ ಮತ್ತು ಏರ್‌ಟೆಲ್ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಯಾಕುಗಳಿಗೆ ಸೀಮಿತಗೊಳಿಸಿದವು. ಹೀಗಾಗಿ 1.5 ಜಿಬಿ ಪ್ಯಾಕಿನಿಂದ 2 ಜಿಬಿ ಪ್ಯಾಕಿಗೆ ಏರುವವನು ಮೇಲ್ನೋಟಕ್ಕೆ ಅರ್ಧ ಜಿಬಿಗೆ ಹಣ ಕೊಡುತ್ತಿದ್ದರೂ ನಿಜವಾಗಿ ಕೊಳ್ಳುತ್ತಿರುವುದು 5ಜಿಯ ಬಾಗಿಲನ್ನು. ಆ ಬಾಗಿಲು ನಿಮ್ಮ ಮನೆಯೊಳಗೆ ತೆರೆಯುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳಬೇಕು.

ನೋಡಿಕೊಳ್ಳುವುದು ಅಂಗಳದಲ್ಲಿ ನಿಂತಲ್ಲ. 5ಜಿಯ ಹೆಚ್ಚಿನ ವೇಗವನ್ನು ಹೊತ್ತು ತರುವುದು 3300 ಮೆಗಾಹರ್ಟ್ಸ್ ಕಂಪನಾಂಕದ ತರಂಗಪಟ್ಟಿ, ಅದು ಗೋಡೆಗೆ ಹೆದರುತ್ತದೆ. ಶಹಾಬಾದ್ ಕಲ್ಲಿನಿಂದ ಕಟ್ಟಿ ಮೇಲೆ ಪರಸಿ ಹಾಸಿದ ಹಳೆಯ ಮನೆಗಳ ಒಳಕೋಣೆಯಲ್ಲಿ ಅದು ಹೊಕ್ಕುವಷ್ಟರಲ್ಲಿ ಸೊರಗಿರುತ್ತದೆ. ಜಿಯೊ ಬಳಿ 700 ಮೆಗಾಹರ್ಟ್ಸ್ ಪಟ್ಟಿಯೂ ಇದೆ. ಕಡಿಮೆ ಕಂಪನಾಂಕದ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಹೆಚ್ಚು ಚೆನ್ನಾಗಿ ದಾಟುತ್ತದೆ, ಆದರೆ ಆ ಪಟ್ಟಿಯ ಅಗಲ ಕಿರಿದಾದ್ದರಿಂದ ವೇಗ ಮಧ್ಯಮ. ಸಿನಿಮಾಕ್ಕೆ ಆ ಮಧ್ಯಮ ವೇಗ ಧಾರಾಳವಾಗಿ ಸಾಕು. ಆದ್ದರಿಂದ ನೀವು ದಿನವೂ ಮಲಗಿಕೊಂಡು ಸಿನಿಮಾ ನೋಡುವ ಜಾಗದಲ್ಲೇ, ಬಾಗಿಲು ಮುಂದೆ ಮಾಡಿ, ನೆರೆಯವರದೋ ಬಂಧುಗಳದೋ 5ಜಿ ಪ್ಯಾಕ್ ಇರುವ ಫೋನಿನಲ್ಲಿ ಹತ್ತು ನಿಮಿಷ ವಿಡಿಯೊ ಓಡಿಸಿ, ಮೇಲ್ತುದಿಯ ಗುರುತು 5ಜಿಯಲ್ಲೇ ನಿಲ್ಲುತ್ತದೆಯೋ 4ಜಿಗೆ ಜಾರುತ್ತದೆಯೋ ಗಮನಿಸಿ.

ಜಾರುವುದೇ ಅಪಾಯ. 4ಜಿಗೆ ಇಳಿದ ಕ್ಷಣದಿಂದ ಖರ್ಚು ದಿನದ 2 ಜಿಬಿಯಿಂದ ಕಡಿತವಾಗುತ್ತದೆ, ಆದರೆ ನೋಡುಗನಿಗೆ ಅದು ತಿಳಿಯುವುದಿಲ್ಲ. ಸಿನಿಮಾ ಓಡುತ್ತಲೇ ಇರುತ್ತದೆ, ಆಟೊ ಆಯ್ಕೆಯಲ್ಲಿದ್ದ ಆ್ಯಪು ದೊಡ್ಡ ತುಣುಕುಗಳನ್ನೇ ತರಿಸುತ್ತಿರುತ್ತದೆ. 5ಜಿ ವೇಗವಾದ್ದರಿಂದ ಡೇಟಾ ಕಡಿಮೆ ಖರ್ಚಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಆಗುವುದು ಇದಕ್ಕೆ ವಿರುದ್ಧ. ಹೀಗಾಗಿ 5ಜಿ ಗುರುತು ನಿಲ್ಲದ ಮನೆಯವರು ಮಿತಿಯಿಲ್ಲದ ಪ್ಯಾಕ್ ಹಾಕಿಸಿದ್ದರೂ ಗುಣಮಟ್ಟವನ್ನು 480ಪಿಗೆ ಕಟ್ಟಿಹಾಕುವುದು ಕ್ಷೇಮ. ಗುರುತು ಗಟ್ಟಿಯಾಗಿ ನಿಲ್ಲುವ ಕಲಬುರಗಿ, ಬೀದರ್, ಯಾದಗಿರಿ ನಗರಗಳ ಮನೆಗಳವರು ಮಾತ್ರ ಈ ಲೆಕ್ಕವನ್ನೆಲ್ಲ ಬದಿಗಿಟ್ಟು ನೇರವಾಗಿ ನೋಡಬಹುದು.

4ಜಿಯನ್ನೇ ನಂಬಿದವರಿಗೆ ಹೊತ್ತು ಮುಖ್ಯ. ಊಟ ಮುಗಿಸಿ ಊರೆಲ್ಲ ಮೊಬೈಲು ಹಿಡಿಯುವ ರಾತ್ರಿ ಎಂಟರಿಂದ ಹತ್ತೂವರೆಯವರೆಗೆ ಒಂದೇ ಟವರಿನ ವೇಗ ಎಲ್ಲರಿಗೂ ಹಂಚಿಹೋಗುತ್ತದೆ. ಗೆರೆಗಳು ಪೂರ್ತಿ ಇದ್ದೂ ವಿಡಿಯೊ ನಿಲ್ಲುವುದು ಈ ಕಾರಣಕ್ಕೆ. ಗೆರೆಗಳು ಸಿಗ್ನಲಿನ ಬಲವನ್ನು ತೋರಿಸುತ್ತವೆಯೇ ಹೊರತು ಟವರಿನಲ್ಲಿರುವ ನೂಕುನುಗ್ಗಲನ್ನಲ್ಲ. ಶರಣಬಸವೇಶ್ವರ ಜಾತ್ರೆಯ ರಥೋತ್ಸವದ ಸಂಜೆ ಗುಡಿಯ ಸುತ್ತ ಯಾವ ಸಿಮ್ಮಿನಲ್ಲಿಯಾದರೂ ವಿಡಿಯೊ ಕರೆ ಮಾಡಲು ಯತ್ನಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಳಿಸಿಕೊಂಡು ನೋಡುವುದು

ದಿನದ ಮಿತಿಯ ಪ್ಯಾಕಿನಲ್ಲಿ ಉಳಿದ ಡೇಟಾ ಜಿಯೊ, ಏರ್‌ಟೆಲ್‌ಗಳಲ್ಲಿ ಮರುದಿನಕ್ಕೆ ಸೇರುವುದಿಲ್ಲ. ನಡುರಾತ್ರಿ 12ಕ್ಕೆ ಹಳೆಯದು ಅಳಿದು ಹೊಸದು ಬರುತ್ತದೆ. ಹೊಲದ ಕೆಲಸದಲ್ಲಿಯೋ ಅಂಗಡಿಯಲ್ಲಿಯೋ ದಿನವಿಡೀ ಇದ್ದು ಫೋನನ್ನು ಹೆಚ್ಚಾಗಿ ಮುಟ್ಟದವರ ಡೇಟಾ ಪ್ರತಿ ರಾತ್ರಿ ಹೀಗೆ ವ್ಯರ್ಥವಾಗುತ್ತದೆ. ಹತ್ತೂವರೆ ದಾಟಿದ ಮೇಲೆ ಟವರಿನ ನೂಕುನುಗ್ಗಲೂ ಇಳಿಯುತ್ತದೆ. ಆ ಒಂದೂವರೆ ಗಂಟೆಯಲ್ಲಿ, ಮೈ ಜಿಯೊ ಅಥವಾ ಏರ್‌ಟೆಲ್ ಆ್ಯಪಿನಲ್ಲಿ ಎಷ್ಟು ಉಳಿದಿದೆ ನೋಡಿಕೊಂಡು, ಅಷ್ಟಕ್ಕೆ ತಕ್ಕ ಗುಣಮಟ್ಟದಲ್ಲಿ ಸಿನಿಮಾ ಇಳಿಸಲು ಹಚ್ಚಿಟ್ಟರೆ ಯಾರ ಖರ್ಚೂ ಇಲ್ಲದ ಸಿನಿಮಾ ಬೆಳಗಿಗೆ ಫೋನಿನಲ್ಲಿರುತ್ತದೆ. ದೊಡ್ಡ ಸಿನಿಮಾವಾದರೆ ಹನ್ನೊಂದೂವರೆಗೆ ಆರಂಭಿಸಿ. ಅರ್ಧ ಇಂದಿನ ಲೆಕ್ಕದಲ್ಲಿ, ಅರ್ಧ ನಾಳೆಯ ಲೆಕ್ಕದಲ್ಲಿ ಇಳಿಯುತ್ತದೆ. ವಿ ಕಂಪನಿಯ ಕೆಲವು ಪ್ಯಾಕುಗಳಲ್ಲಿ ನಡುರಾತ್ರಿ 12ರಿಂದ ಬೆಳಗಿನ 6ರವರೆಗಿನ ಬಳಕೆಯನ್ನು ದಿನದ ಮಿತಿಗೆ ಸೇರಿಸುವುದಿಲ್ಲ. ಆ ಸಿಮ್ಮಿಗೆ ನಿಮ್ಮ ಊರಿನಲ್ಲಿ ರೇಂಜ್ ಇದ್ದರೆ ಇಳಿಸಿಕೊಳ್ಳುವವರಿಗೆ ಅದಕ್ಕಿಂತ ಅನುಕೂಲದ ಪ್ಯಾಕ್ ಇಲ್ಲ.

ಇಳಿಸಿಕೊಂಡದ್ದರ ಬೆಲೆ ನಿಜವಾಗಿ ತಿಳಿಯುವುದು ಪ್ರಯಾಣದಲ್ಲಿ. 2017ರ ಅಕ್ಟೋಬರಿನಲ್ಲಿ ತೆರೆದ ಕಲಬುರಗಿ–ಬೀದರ್ ರೈಲು ಮಾರ್ಗ ಕಮಲಾಪುರ, ಹುಮನಾಬಾದ್ ಕಡೆಯ ಗುಡ್ಡಗಾಡನ್ನು ಹಾದುಹೋಗುತ್ತದೆ. ಮರಗುತ್ತಿಯ ಸುರಂಗದೊಳಗೆ ರೈಲು ಹೊಕ್ಕಾಗ ನೇರವಾಗಿ ನೋಡುತ್ತಿದ್ದವರ ಫೋನಿನಲ್ಲಿ ಚಿತ್ರ ನಿಂತು, ನಟನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯುತ್ತದೆ. ಹೊರಬಂದ ಮೇಲೂ ಹೊಸ ಟವರ್ ಹಿಡಿದು ತುಣುಕು ತರಿಸಿಕೊಳ್ಳುವವರೆಗೆ ಚಕ್ರ ತಿರುಗುತ್ತಿರುತ್ತದೆ. ಪಕ್ಕದಲ್ಲಿ ಇಳಿಸಿಕೊಂಡು ನೋಡುತ್ತಿರುವವನಿಗೆ ಸುರಂಗ ಬಂದದ್ದೂ ಗೊತ್ತಾಗುವುದಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿಗೂ ರೈಲಿಗೂ ಇದೇ ಮಾತು: ಓಡುವ ವಾಹನದಲ್ಲಿ ಫೋನು ಟವರಿನಿಂದ ಟವರಿಗೆ ದಾಟುತ್ತಲೇ ಇರುವುದರಿಂದ ಬ್ಯಾಟರಿಯೂ ಬೇಗ ಇಳಿಯುತ್ತದೆ.

ನಗರದಲ್ಲಿ ಓದುತ್ತ ಶನಿವಾರ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲವಿದೆ. ವಸತಿನಿಲಯದಲ್ಲಿ ಮಿತಿಯಿಲ್ಲದ 5ಜಿ ಸಿಗುವಾಗಲೇ ಮನೆಯವರಿಗೆ ಬೇಕಾದ ಸಿನಿಮಾಗಳನ್ನು ಇಳಿಸಿಕೊಂಡು ಬಸ್ಸು ಹತ್ತಿದರೆ, ಊರಿನ 4ಜಿಯ ಮೇಲೆ ಭಾರ ಹಾಕಬೇಕಾಗಿಲ್ಲ. ರೈಲು ನಿಲ್ದಾಣದ ಉಚಿತ ವೈ-ಫೈಯನ್ನು ಇದಕ್ಕೆ ನಂಬಬೇಡಿ: ರೈಲ್‌ಟೆಲ್ ಸೇವೆಯಲ್ಲಿ ದಿನಕ್ಕೆ 30 ನಿಮಿಷ, 1 ಎಂಬಿಪಿಎಸ್ ವೇಗ ಉಚಿತ, ಅಂದರೆ ಹೆಚ್ಚೆಂದರೆ 225 ಎಂಬಿ. ಅತ್ಯಂತ ಕಡಿಮೆ ಗುಣಮಟ್ಟದಲ್ಲಿ ಅರ್ಧ ಸಿನಿಮಾ ಇಳಿದೀತು.

ಇಳಿಸಿಕೊಳ್ಳುವುದಕ್ಕೆ ತೊಡಕುಗಳೂ ಇವೆ. ಇಳಿಸಿದ ಸಿನಿಮಾ ಆ್ಯಪಿನ ಒಳಗೆ ಬೀಗ ಹಾಕಿಕೊಂಡೇ ಇರುತ್ತದೆ. ಬೇರೆ ಫೋನಿಗೆ ಕಳಿಸಲಾಗದು, ಚಂದಾ ಮುಗಿದರೆ ತೆರೆಯದು. ಕೆಲವು ಸಿನಿಮಾಗಳು ಒಮ್ಮೆ ಆರಂಭಿಸಿದ ಮೇಲೆ 48 ಗಂಟೆಗಳಲ್ಲಿ ಅವಧಿ ಮೀರುತ್ತವೆ, ಮತ್ತೆ ನೆಟ್ ಹಚ್ಚಿ ನವೀಕರಿಸಬೇಕಾಗುತ್ತದೆ. ಬೀದರ್ ಕಡೆಯ ಮನೆಗಳಲ್ಲಿ ಒಬ್ಬರಿಗೆ ಕನ್ನಡ, ಒಬ್ಬರಿಗೆ ಮರಾಠಿ, ಮಕ್ಕಳಿಗೆ ಹಿಂದಿ ಇಲ್ಲವೇ ತೆಲುಗು ಬೇಕಿರುತ್ತದೆ. ಡಬ್ಬಿಂಗ್ ಆದ ಸಿನಿಮಾ ಇಳಿಸುವಾಗ ಎಲ್ಲ ಭಾಷೆಯ ಧ್ವನಿಯೂ ಇಳಿಯುತ್ತದೆಂಬ ಖಾತ್ರಿಯಿಲ್ಲವಾದ್ದರಿಂದ, ಬೇಕಾದ ಭಾಷೆಯನ್ನು ಮೊದಲೇ ಆರಿಸಿ, ನೆಟ್ ಬಂದ್ ಮಾಡಿ ಒಂದು ನಿಮಿಷ ಓಡಿಸಿ ನೋಡಿಕೊಂಡೇ ಹೊರಡಬೇಕು. 64 ಜಿಬಿ ಮೆಮೊರಿಯ ಹಳೆಯ ಫೋನುಗಳಲ್ಲಿ ಫೋಟೊ, ವಾಟ್ಸ್‌ಆ್ಯಪ್ ವಿಡಿಯೊಗಳ ನಡುವೆ ಜಾಗ ಮಾಡಿಕೊಳ್ಳುವುದೂ ಒಂದು ಕೆಲಸವೇ.

ಟೆಲಿಗ್ರಾಂನಲ್ಲಿ ಸಿಗುವ ಕದ್ದ ಪ್ರತಿಗಳನ್ನು ನಾನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಅದು ಅಪರಾಧ ಎಂಬುದು ಒಂದು ಕಡೆಗಾದರೆ, ಡೇಟಾದ ಲೆಕ್ಕದಲ್ಲೂ ಅದು ದುಬಾರಿ. ಎಷ್ಟೋ ಕಡತಗಳು ಒಂದೂವರೆ ಜಿಬಿಗೂ ಹೆಚ್ಚು ಇರುತ್ತವೆ, ಜೊತೆಗೆ ‘ಇದನ್ನು ಹಾಕಿಕೊಂಡರೆ ಮಾತ್ರ ಓಡುತ್ತದೆ’ ಎನ್ನುವ ಅಪರಿಚಿತ ಆ್ಯಪುಗಳು ಬ್ಯಾಂಕಿನ ಒಟಿಪಿ ಕದಿಯಲೂ ಬಲ್ಲವು.

ಚಂದಾ ಯಾವುದು?

ಮೊಬೈಲಿನಲ್ಲಷ್ಟೇ ನೋಡುವವರು ಮೊಬೈಲಿಗೆಂದೇ ಮಾಡಿದ ಚಂದಾ ಕೊಂಡರೆ ಸಾಕು. ನೆಟ್‌ಫ್ಲಿಕ್ಸ್ 2019ರಲ್ಲಿ ತಿಂಗಳಿಗೆ 199 ರೂಪಾಯಿಗೆ ತಂದ ಇಂಥ ಚಂದಾವನ್ನು 2021ರ ಡಿಸೆಂಬರಿನಲ್ಲಿ 149ಕ್ಕೆ ಇಳಿಸಿತು. ಅದರಲ್ಲಿ ಒಂದು ಸಲಕ್ಕೆ ಒಂದೇ ಫೋನು ಅಥವಾ ಟ್ಯಾಬ್ಲೆಟ್, ಗುಣಮಟ್ಟ 480ಪಿಗೆ ಸೀಮಿತ, ಟಿವಿಗೆ ಹಾಯಿಸಲು ಆಗದು. ಇದನ್ನು ಕೊರತೆ ಎಂದು ಎಣಿಸುವವರಿದ್ದಾರೆ. ದಿನದ ಮಿತಿಯ ಪ್ಯಾಕಿನವರಿಗೆ ಅದು ಡೇಟಾಕ್ಕೆ ಹಾಕಿದ ಬೇಲಿ.

ಜಾಹೀರಾತು ಇರುವ ಅಗ್ಗದ ಚಂದಾಗಳಲ್ಲಿ ಜಾಹೀರಾತಿಗೂ ನಿಮ್ಮದೇ ಡೇಟಾ ಹೋಗುತ್ತದೆ. ಪ್ರೈಮ್ ವಿಡಿಯೊದಲ್ಲಿಯೂ 2025ರ ಜೂನ್‌ನಿಂದ ಜಾಹೀರಾತು ಬರುತ್ತಿದೆ, ಬೇಡವೆಂದರೆ ಮೇಲೆ ಹಣ ಕೊಡಬೇಕು. ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ 2025ರ ಫೆಬ್ರುವರಿಯಲ್ಲಿ ಒಂದಾಗಿ ಜಿಯೊಹಾಟ್‌ಸ್ಟಾರ್ ಆದ ಮೇಲೆ ಹಲವು ರಿಚಾರ್ಜುಗಳ ಜೊತೆ ಅದರ ಚಂದಾ ಸೇರಿಬರುತ್ತದೆ. ಅದು ಸಾಮಾನ್ಯವಾಗಿ ಮೊಬೈಲಿನ, ಜಾಹೀರಾತಿನ ಚಂದಾ. ‘ಫ್ರೀ ಅದ’ ಎಂದು ಅಂಗಡಿಯವರು ಹೇಳಿದ್ದನ್ನು ಕೇಳಿ ಮನೆಯಲ್ಲಿ ಟಿವಿಗೆ ಹಚ್ಚಲು ಹೋದವರು ನಿರಾಶರಾಗುತ್ತಾರೆ. ವರ್ಷಕ್ಕೆ ನಾಲ್ಕಾರು ಸಿನಿಮಾ ಮಾತ್ರ ನೋಡುವವರಿಗೆ ಯಾವ ಚಂದಾವೂ ಬೇಡ: ಹಳೆಯ ಕನ್ನಡ ಸಿನಿಮಾಗಳು ಯೂಟ್ಯೂಬಿನಲ್ಲಿ ಹಕ್ಕುದಾರರೇ ಹಾಕಿದ್ದು ಸಾಕಷ್ಟಿವೆ, ಹೊಸದನ್ನು ಒಂದೊಂದಾಗಿ ಬಾಡಿಗೆಗೆ ಪಡೆಯಬಹುದು.

ಎಚ್‌ಡಿ ಚಂದಾಕ್ಕೆ ಹೆಚ್ಚು ಹಣ ಕೊಡುವ ಮೊದಲು ಫೋನಿಗೆ ಅದರ ಅರ್ಹತೆ ಇದೆಯೇ ನೋಡಬೇಕು. ಸಿನಿಮಾದ ಬೀಗವನ್ನು ಕಾಯುವ ವೈಡ್‌ವೈನ್ ಎಂಬ ವ್ಯವಸ್ಥೆಯಲ್ಲಿ ಎಲ್1, ಎಲ್3 ಎಂಬ ದರ್ಜೆಗಳಿವೆ; ಎಲ್3 ಇರುವ ಅಗ್ಗದ ಫೋನಿಗೆ ದೊಡ್ಡ ಆ್ಯಪುಗಳು ಸಾಮಾನ್ಯವಾಗಿ 480ಪಿಗಿಂತ ಮೇಲಿನದನ್ನು ಕೊಡುವುದೇ ಇಲ್ಲ. ನೆಟ್‌ಫ್ಲಿಕ್ಸಿನ ಆ್ಯಪ್ ಸೆಟ್ಟಿಂಗ್ಸ್ ಒಳಗೆ ಪ್ಲೇಬ್ಯಾಕ್ ವಿವರ ತೆರೆದರೆ ನಿಮ್ಮ ಫೋನಿನ ದರ್ಜೆ ಅಲ್ಲಿಯೇ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇನ್ನೊಂದು ಸಂಗತಿಯೂ ಲೆಕ್ಕಕ್ಕೆ ಬರುತ್ತದೆ: ಮಧ್ಯಾಹ್ನ ಚಾರ್ಜಿಗೆ ಹಚ್ಚಿಕೊಂಡೇ 5ಜಿಯಲ್ಲಿ ಸಿನಿಮಾ ಓಡಿಸಿದರೆ ಫೋನು ಕಾದು ಪರದೆಯ ಬೆಳಕನ್ನು ತಾನೇ ತಗ್ಗಿಸುತ್ತದೆ, ಚಾರ್ಜನ್ನೂ ನಿಧಾನಗೊಳಿಸುತ್ತದೆ. ಇಳಿಸಿಟ್ಟ ಸಿನಿಮಾಕ್ಕೆ ರೇಡಿಯೊ ಕೆಲಸವಿಲ್ಲದ್ದರಿಂದ ಫೋನು ಅಷ್ಟು ಕಾಯುವುದಿಲ್ಲ.

ಮನೆಯ ಟಿವಿಗೆ ಫೋನಿನ ಹಾಟ್‌ಸ್ಪಾಟ್ ಕೊಡುವುದು ಎಲ್ಲಕ್ಕಿಂತ ದುಬಾರಿ ದಾರಿ. ಟಿವಿಯ ಆ್ಯಪು ಅದನ್ನು ವೈ-ಫೈ ಎಂದು ತಿಳಿದು ತನ್ನ ಪರದೆಗೆ ತಕ್ಕ ಎಚ್‌ಡಿಯನ್ನೇ ಕೇಳುತ್ತದೆ. ಗಂಟೆಗೆ 3 ಜಿಬಿಯವರೆಗೆ ಹೋದರೂ ಆಶ್ಚರ್ಯವಿಲ್ಲ. ನಾಲ್ಕು ಜನ ದಿನವೂ ನೋಡುವ ಮನೆಯಾದರೆ, ಊರಿಗೆ ಫೈಬರ್ ಬಂದಿದ್ದರೆ ಫೈಬರ್, ಇಲ್ಲದಿದ್ದರೆ ಮಾಳಿಗೆಯ ಮೇಲೆ ಆಂಟೆನಾ ಇಟ್ಟು 5ಜಿ ಹಿಡಿದು ಒಳಗೆ ವೈ-ಫೈ ಕೊಡುವ ಏರ್‌ಫೈಬರ್ ಮಾದರಿಯ ಸೇವೆ ನಾಲ್ಕು ಮೊಬೈಲ್ ಪ್ಯಾಕುಗಳಿಗಿಂತ ಮೇಲು. ಕಲ್ಲುಗೋಡೆಯ ಸಮಸ್ಯೆಯೂ ಅದರಿಂದ ತಪ್ಪುತ್ತದೆ, ಏಕೆಂದರೆ ಸಿಗ್ನಲ್ ಹಿಡಿಯುವುದು ಮಾಳಿಗೆಯ ಮೇಲೆ. ಕರೆಂಟ್ ಹೋದರೆ ಮಾತ್ರ ಇನ್ವರ್ಟರ್ ಇಲ್ಲದ ಮನೆಯಲ್ಲಿ ಅದೂ ನಿಲ್ಲುತ್ತದೆ.

ಸಿಮ್ ಬದಲಿಸುವ ಮುನ್ನ

ಯಾವ ಕಂಪನಿಯ ಟವರ್ ಹತ್ತಿರವಿದೆ ಎಂಬುದು ಊರಿನಿಂದ ಊರಿಗೆ, ಸುರಪುರದಂಥ ಗುಡ್ಡದ ಊರಿನಲ್ಲಿ ಓಣಿಯಿಂದ ಓಣಿಗೆ ಬದಲಾಗುತ್ತದೆ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮವಿದೆ. ಅದರಲ್ಲಿ ನಿಮ್ಮ ಊರನ್ನು ಹುಡುಕಿ ನೋಡಬಹುದು, ಆದರೆ ನಕ್ಷೆ ಮನೆಯೊಳಗಿನ ಸ್ಥಿತಿಯನ್ನು ಹೇಳುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಸ್ವದೇಶಿ 4ಜಿ ಆರಂಭಿಸಿದ ಬಿಎಸ್‌ಎನ್‌ಎಲ್‌ನ ಪ್ಯಾಕುಗಳು ಅಗ್ಗ. ಅದರ ಟವರ್ ನಿಮ್ಮ ಊರಿನಲ್ಲಿ 4ಜಿಗೆ ಬದಲಾಗಿದ್ದರೆ ಇಳಿಸಿಕೊಂಡು ನೋಡುವವರಿಗೆ ಯೋಗ್ಯ ಆಯ್ಕೆ, ಇನ್ನೂ ಬದಲಾಗದಿದ್ದರೆ ಸಿನಿಮಾದ ಆಸೆಗೆ ಅತ್ತ ಹೋಗಬಾರದು. ಎರಡು ಸಿಮ್ಮಿನ ಫೋನಿದ್ದರೆ ನಂಬರ್ ಬದಲಿಸುವ ಮೊದಲು ಎರಡನೆಯ ಜಾಗದಲ್ಲಿ ಬೇರೆ ಕಂಪನಿಯ ಹೊಸ ಸಿಮ್ ಹಾಕಿ ಒಂದು ತಿಂಗಳ ಸಣ್ಣ ಪ್ಯಾಕಿನಲ್ಲಿ ಪರೀಕ್ಷಿಸಿ. ಅದು ಒಗ್ಗಿದರೆ ಹಳೆಯ ನಂಬರಿನಿಂದ 1900ಕ್ಕೆ ಪೋರ್ಟ್ ಸಂದೇಶ ಕಳಿಸಿ ಬರುವ ಕೋಡನ್ನು ಅಂಗಡಿಯಲ್ಲಿ ಕೊಡಬಹುದು; ಈಗಿರುವ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು, ಕೋಡಿನ ಅವಧಿ ನಾಲ್ಕು ದಿನ.